ಬಟ್ಟೆಯ ರೆಕ್ಕೆಯ ವಿಮಾನ

ಇಂಗ್ಲೆಂಡಿನ ಬೆಡ್‌ಫರ್ಡ್‌ಷೈರ್ ಪ್ರಾಂತದಲ್ಲಿ ಓಲ್ಡ್ ವಾರ್ಡನ್ ಎಂಬ ಪುಟ್ಟ ಹಳ್ಳಿಯಿದೆ. ಅದರ ಸಮೀಪದ ಹುಲ್ಲುಗಾವಲೊಂದು ಬಹುಕಾಲದಿಂದ ವಿಮಾನ ನಿಲ್ದಾಣವಾಗಿದೆ. 1932ರಲ್ಲಿ ರಿಚರ್ಡ್ ಶಟಲ್‌ವರ್ತ್ ಎಂಬ ತರುಣರು ಒಂದು ಲಘು ವಿಮಾನವನ್ನು ಕೊಂಡು ಅಲ್ಲಿಗೆ ತಂದರು. ಅದು 1928ರಲ್ಲಿ ತಯಾರಾದದ್ದು. ಅವರ ಕೈಸೇರುವಾಗಲೇ ನಾಲ್ಕು ವರ್ಷ ಹಳೆಯದಾಗಿತ್ತು. ಅವರು ಕೊಂಡ ಮೊದಲ ವಿಮಾನ ಅದು. ಆ ತರುಣರು ಇಂದಿಲ್ಲ. ಆದರೆ ಆ ವಿಮಾನವು ಇಂದಿಗೂ ಅದೇ ಹುಲ್ಲುಗಾವಲಿನ ಬದಿಯಲ್ಲಿದೆ. ಮರ, ಬಟ್ಟೆ, ಅಂಟು, ತಂತಿ—ಇಷ್ಟರಿಂದ ಕಟ್ಟಿದ ಒಂದು ಯಂತ್ರವು ಹೆಚ್ಚುಕಡಿಮೆ ಒಂದು ಶತಮಾನದ ಕಾಲ ಉಳಿದು ಬಂದುದು ಹೇಗೆ? ಈ ಪ್ರಶ್ನೆಗೆ ಉತ್ತರವು ಆ ಯಂತ್ರವನ್ನು ಕಟ್ಟಿದವರ ಜಾಣ್ಮೆಯಲ್ಲಿ ಮಾತ್ರವಿಲ್ಲ. ಅದನ್ನು ಪೋಷಿಸಿದವರ ಶ್ರದ್ಧೆಯಲ್ಲಿಯೂ ಇದೆ.

ಆ ವಿಮಾನದ ಹೆಸರು ಮಾಥ್. ಮಾಥ್ ಎಂದರೆ ಪತಂಗ. ಅದರ ನಿರ್ಮಾಪಕರಾದ ಜೆಫ್ರಿ ಡಿ ಹ್ಯಾವಿಲೆಂಡ್ ಅವರಿಗೆ ಚಿಟ್ಟೆ, ಪತಂಗಗಳ ಅಧ್ಯಯನದಲ್ಲಿ ವಿಶೇಷ ಆಸಕ್ತಿಯಿತ್ತು. ಮಡಿಸಬಲ್ಲ ರೆಕ್ಕೆಗಳಿರುವ ಪುಟ್ಟ ವಿಮಾನವೊಂದನ್ನು ಅವರು ರೂಪಿಸಿದಾಗ, ಕುಳಿತಲ್ಲಿ ರೆಕ್ಕೆ ಮಡಿಸುವ ಪತಂಗದ ಹೆಸರೇ ಅದಕ್ಕೆ ಒಪ್ಪುವಂತೆ ಕಂಡಿತು. 1925ರ ಫೆಬ್ರವರಿಯಲ್ಲಿ ಮೊದಲ ಮಾಥ್ ಹಾರಿತು. ಅದರ ರೆಕ್ಕೆಗಳನ್ನು ಹಿಂದಕ್ಕೆ ಮಡಿಸಿದರೆ ಸಾಮಾನ್ಯ ಕೊಟ್ಟಿಗೆಯೊಂದರಲ್ಲಿ ನಿಲ್ಲಿಸಬಹುದಾಗಿತ್ತು. ಬೇಕಾದರೆ ಕಾರಿನ ಹಿಂದೆ ಕಟ್ಟಿ ಎಳೆದುಕೊಂಡು ಹೋಗಬಹುದಾಗಿತ್ತು. ಅದರ ಎಂಜಿನ್ನಿನ ಕಥೆಯೂ ಸ್ವಾರಸ್ಯಕರವಾದುದು. ಮೊದಲನೆಯ ಮಹಾಯುದ್ಧದಲ್ಲಿ ಬಳಸಿ ಉಳಿದಿದ್ದ ಎಂಟು ಸಿಲಿಂಡರುಗಳ ಎಂಜಿನ್ನುಗಳು ಆಗ ಅಗ್ಗವಾಗಿ ದೊರೆಯುತ್ತಿದ್ದವು. ಫ್ರಾಂಕ್ ಹಾಲ್ಫರ್ಡ್ ಎಂಬ ಎಂಜಿನಿಯರು ಅವುಗಳ ಬಿಡಿಭಾಗಗಳನ್ನು ಬಳಸಿ, ಅರ್ಧದಷ್ಟು, ಎಂದರೆ ನಾಲ್ಕು ಸಿಲಿಂಡರುಗಳ ಹಗುರವಾದ ಎಂಜಿನ್ನನ್ನು ಸಿದ್ಧಪಡಿಸಿದರು. ಅದರ ಶಕ್ತಿ ಸುಮಾರು 60 ಅಶ್ವಶಕ್ತಿ. ಹೀಗೆ, ಅಲ್ಲಿಯವರೆಗೆ ಸೈನ್ಯದ ಸೊತ್ತಾಗಿದ್ದ ಹಾರಾಟವು ಸಾಮಾನ್ಯ ನಾಗರಿಕರ ಕೈಗೂ ಎಟುಕಿತು. ಮಾಥ್ ಕುಟುಂಬವು ಬೆಳೆಯಿತು. 1931ರಲ್ಲಿ ಹಾರಿದ ಟೈಗರ್ ಮಾಥ್ ಆ ಕುಟುಂಬದ ಅತ್ಯಂತ ಪ್ರಸಿದ್ಧ ಸದಸ್ಯ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಸಾವಿರಾರು ಚಾಲಕರು ಹಾರಲು ಕಲಿತದ್ದು ಅದರಲ್ಲಿಯೇ. ಒಟ್ಟು ಎಂಟು ಸಾವಿರಕ್ಕೂ ಹೆಚ್ಚು ಟೈಗರ್ ಮಾಥ್‌ಗಳು ತಯಾರಾದವು. ಯುದ್ಧ ಮುಗಿದ ಮೇಲೆ ಅವು ಹರಾಜಿಗೆ ಬಂದವು. ಕೆಲವು ಹೊಲಗಳ ಮೇಲೆ ಗೊಬ್ಬರ ಚೆಲ್ಲಿದವು, ಕೆಲವು ಗ್ಲೈಡರುಗಳನ್ನು ಎಳೆದವು, ಕೆಲವು ಆಸಕ್ತರ ಮನೆ ಸೇರಿದವು.

ಇಂಥ ಹಳೆಯ ವಿಮಾನವೊಂದನ್ನು ಕೊಳ್ಳುವುದು ಕಷ್ಟವಲ್ಲ, ಸಾಕುವುದು ಕಷ್ಟ. ಹಸುವನ್ನು ಕೊಂಡವನು ಹುಲ್ಲು, ನೀರು, ಕೊಟ್ಟಿಗೆಗಳ ಹೊಣೆಯನ್ನೂ ಕೊಂಡಂತೆಯೇ ಸರಿ. ವಿಮಾನವನ್ನು ಕೊಂಡವನ ಪಾಡೂ ಅದೇ. ವ್ಯತ್ಯಾಸವೇನೆಂದರೆ, ಹಸುವಿಗೆ ಕಾಯಿಲೆ ಬಂದರೆ ಅದು ಮೇವು ಬಿಟ್ಟು ತಿಳಿಸುತ್ತದೆ. ವಿಮಾನವು ತನ್ನ ಕಾಯಿಲೆಯನ್ನು ಬಟ್ಟೆಯೊಳಗೆ ಮುಚ್ಚಿಟ್ಟುಕೊಂಡಿರುತ್ತದೆ.

ಅದರ ರೆಕ್ಕೆಯನ್ನೇ ನೋಡೋಣ. ಸ್ಪ್ರೂಸ್ ಎಂಬ ಜಾತಿಯ ಮರವು ಹಗುರವಾಗಿಯೂ ಗಟ್ಟಿಯಾಗಿಯೂ ಇರುವುದರಿಂದ ರೆಕ್ಕೆಯ ಉದ್ದಕ್ಕೆ ಹಾಯುವ ತೊಲೆಗಳನ್ನು ಆ ಮರದಿಂದ ಮಾಡುತ್ತಿದ್ದರು. ತೊಲೆಗಳಿಗೆ ಅಡ್ಡಲಾಗಿ ತೆಳುವಾದ ಪಕ್ಕೆಲುಬುಗಳನ್ನು ಜೋಡಿಸುತ್ತಿದ್ದರು. ಈ ಹಂದರದ ಮೇಲೆ ಅಗಸೆಯ ನಾರಿನಿಂದ ನೇಯ್ದ ಲಿನನ್ ಬಟ್ಟೆಯನ್ನು ಹೊದಿಸಿ, ಪ್ರತಿಯೊಂದು ಪಕ್ಕೆಲುಬಿಗೂ ಮೇಣ ಹಚ್ಚಿದ ದಾರದಿಂದ ಹೊಲಿಯುತ್ತಿದ್ದರು. ಬಳಿಕ ಅದರ ಮೇಲೆ ಡೋಪ್ ಎಂಬ ದ್ರವವನ್ನು ಪದರ ಪದರವಾಗಿ ಬಳಿಯುತ್ತಿದ್ದರು. ಡೋಪ್ ಒಣಗುವಾಗ ಬಟ್ಟೆಯನ್ನು ಎಳೆದು ಮೃದಂಗದ ಚರ್ಮದಂತೆ ಬಿಗಿಗೊಳಿಸುತ್ತದೆ. ಗಾಳಿಯಾಗಲಿ ನೀರಾಗಲಿ ನುಸುಳದಂತೆ ಬಟ್ಟೆಯ ರಂಧ್ರಗಳನ್ನು ಮುಚ್ಚುತ್ತದೆ. ಸೂರ್ಯನ ನೇರಳಾತೀತ ಕಿರಣಗಳು ಬಟ್ಟೆಯನ್ನು ಶಿಥಿಲಗೊಳಿಸುವುದರಿಂದ ಅಲ್ಯೂಮಿನಿಯಂ ಪುಡಿ ಬೆರೆಸಿದ ಪದರವೊಂದನ್ನೂ ಬಳಿಯುತ್ತಾರೆ. ಹಳೆಯ ವಿಮಾನಗಳು ಅನೇಕ ವೇಳೆ ಬೆಳ್ಳಿಯ ಬಣ್ಣದಲ್ಲಿ ಕಾಣುವುದಕ್ಕೆ ಅಲಂಕಾರದ ಆಸೆಯಷ್ಟೇ ಕಾರಣವಲ್ಲ. ಡೋಪ್ ಬಳಿಯುವುದೂ ಸುಲಭದ ಕೆಲಸವಲ್ಲ. ಅದು ಕಿಡಿ ಸೋಕಿದರೆ ಹೊತ್ತಿಕೊಳ್ಳುವ ಪದಾರ್ಥ; ಅದರ ಆವಿ ಉಸಿರಿಗೆ ಹಾನಿಕರ. ಗಾಳಿಯಲ್ಲಿ ತೇವ ಹೆಚ್ಚಿದ್ದರೆ ಬಳಿದ ಮೇಲ್ಮೈ ಬೂದಿ ಹಿಡಿದಂತೆ ಬೆಳ್ಳಗಾಗಿ ಕೆಡುತ್ತದೆ. ಆದ್ದರಿಂದ ಮಳೆಯ ದಿನಗಳಲ್ಲಿ ಅವಸರಪಡದೆ ಕಾಯಬೇಕು.

ಮರಗಳನ್ನು ಕೂಡಿಸಿ ಹಿಡಿದ ಅಂಟು ಎಂಥದು? ಹಿಂದೆ ಬಳಸುತ್ತಿದ್ದುದು ಹಾಲಿನಲ್ಲಿರುವ ಕೇಸೀನ್ ಎಂಬ ಪ್ರೋಟೀನಿನಿಂದ ತಯಾರಿಸಿದ ಅಂಟು. ಒಣಗಿದ ಸ್ಥಿತಿಯಲ್ಲಿ ಅದು ಬಹಳ ಬಲವಾದುದು. ಆದರೆ ತೇವ ತಾಗಿದರೆ ಮೆತ್ತಗಾಗುತ್ತದೆ, ಬೂಷ್ಟು ಹಿಡಿದು ಕೊಳೆಯುತ್ತದೆ. ಈ ಕಾರಣದಿಂದಲೇ ಮುಂದೆ ಕೃತಕ ರಾಳದ ಅಂಟುಗಳು ಬಳಕೆಗೆ ಬಂದವು. ಹಳೆಯ ವಿಮಾನದ ಮೊದಲ ಶತ್ರು ತೇವ. ರೆಕ್ಕೆಯ ಕೆಳಭಾಗದಲ್ಲಿ ನೀರು ಬಸಿದುಹೋಗಲೆಂದು ಸಣ್ಣ ಸಣ್ಣ ರಂಧ್ರಗಳಿರುತ್ತವೆ. ಆ ರಂಧ್ರವೊಂದು ಧೂಳಿನಿಂದ ಮುಚ್ಚಿಹೋದರೆ ನೀರು ಒಳಗೇ ನಿಲ್ಲುತ್ತದೆ. ಕಾಣದ ಕಡೆಯಲ್ಲಿ ಅಂಟು ಬಿಡತೊಡಗುತ್ತದೆ. ಎರಡನೆಯ ಶತ್ರು ಇಲಿ. ನಿಂತ ವಿಮಾನದ ರೆಕ್ಕೆಯಷ್ಟು ಬೆಚ್ಚನೆಯ ಮನೆ ಇಲಿಗೆ ಬೇರೆ ದೊರೆಯದು. ಅದು ದಾರವನ್ನು ಕಡಿಯುತ್ತದೆ. ಅದರ ಮೂತ್ರವು ಲೋಹವನ್ನು ತಿನ್ನುತ್ತದೆ. ಆಗಸದಲ್ಲಿ ಬಿರುಗಾಳಿಯನ್ನು ತಡೆದ ವಿಮಾನವನ್ನು ನೆಲದ ಮೇಲೆ ಒಂದು ಇಲಿ ಸೋಲಿಸಬಲ್ಲದು.

ಕೆಲವು ವರ್ಷಗಳಿಗೊಮ್ಮೆ ಬಟ್ಟೆಯನ್ನು ಪೂರ್ತಿ ಬಿಚ್ಚಿ ಹೊಸದನ್ನು ಹೊದಿಸಬೇಕಾಗುತ್ತದೆ. ಈಗ ಅನೇಕರು ಲಿನನ್ ಬದಲಿಗೆ ಹೆಚ್ಚು ಬಾಳಿಕೆಯ ಪಾಲಿಯೆಸ್ಟರ್ ಬಟ್ಟೆಯನ್ನು ಬಳಸುತ್ತಾರೆ. ಬಟ್ಟೆ ಬಿಚ್ಚಿದ ಆ ಕೆಲವು ದಿನಗಳು ಬಹು ಮುಖ್ಯವಾದವು. ಒಳಗಿನ ಮರ, ಅಂಟು, ಮೊಳೆ, ತಂತಿಗಳೆಲ್ಲವೂ ಕಣ್ಣಿಗೆ ಪೂರ್ಣವಾಗಿ ಕಾಣುವುದು ಆಗ ಮಾತ್ರ. ಪ್ರತಿಯೊಂದು ಬೆಸುಗೆಯನ್ನೂ ಪರೀಕ್ಷಿಸಿ, ಸಂಶಯ ಬಂದುದನ್ನು ಬದಲಾಯಿಸಿ, ಬಳಿಕವೇ ಹೊಸ ಬಟ್ಟೆ ಹೊದಿಸಬೇಕು. ಖರ್ಚಿಗೆ ಹೆದರಿ ಅಥವಾ ಬೇಗ ಹಾರುವ ಆಸೆಯಿಂದ ಕೊಳೆತ ಮರದ ಮೇಲೆಯೇ ಹೊಸ ಬಟ್ಟೆ ಹೊದಿಸಿದರೆ ಯಾರಿಗೂ ತಿಳಿಯುವುದಿಲ್ಲ. ಹೊಸ ಬಣ್ಣದಲ್ಲಿ ವಿಮಾನವು ಥಳಥಳಿಸುತ್ತದೆ, ನೋಡಿದವರು ಮೆಚ್ಚುತ್ತಾರೆ. ಆದರೆ ಗಾಳಿಗೆ ಬಣ್ಣ ಕಾಣುವುದಿಲ್ಲ. ಅದು ತೊಲೆಯನ್ನೇ ಪರೀಕ್ಷಿಸುತ್ತದೆ.

ಎರಡು ಅಂತಸ್ತಿನ ರೆಕ್ಕೆಗಳನ್ನು ಹಿಡಿದಿರುವ ತಂತಿಗಳನ್ನೂ ಹೀಗೆಯೇ ಗಮನಿಸಬೇಕು. ವೀಣೆಯ ತಂತಿಗಳನ್ನು ಶ್ರುತಿಗೊಳಿಸುವಂತೆ ಅವುಗಳ ಬಿಗಿತವನ್ನು ಹೊಂದಿಸಬೇಕಾಗುತ್ತದೆ. ತಂತಿ ಸಡಿಲವಾದರೆ ರೆಕ್ಕೆಯ ಕೋನ ತಪ್ಪಿ ವಿಮಾನವು ಒಂದು ಪಕ್ಕಕ್ಕೆ ವಾಲುತ್ತದೆ. ಅತಿಯಾಗಿ ಬಿಗಿದರೆ ಮರದ ಮೇಲೆ ಅನಗತ್ಯವಾದ ಒತ್ತಡ ಬೀಳುತ್ತದೆ.

ಇನ್ನು ಎಂಜಿನ್ನಿನ ವಿಷಯ. ಟೈಗರ್ ಮಾಥ್‌ನಲ್ಲಿ ಜಿಪ್ಸಿ ಮೇಜರ್ ಎಂಬ, ಸುಮಾರು 130 ಅಶ್ವಶಕ್ತಿಯ ಎಂಜಿನ್ ಇರುತ್ತದೆ. ಅದರ ನಾಲ್ಕು ಸಿಲಿಂಡರುಗಳು ತಲೆಕೆಳಗಾಗಿ ನಿಂತಿರುತ್ತವೆ. ನಿಂತ ಎಂಜಿನ್ನಿನಲ್ಲಿ ಎಣ್ಣೆಯು ಕೆಳಗಿಳಿದು ಸಿಲಿಂಡರಿನಲ್ಲಿ ಸೇರಿಕೊಳ್ಳಬಹುದು. ಆದ್ದರಿಂದ ಚಾಲನೆಗೆ ಮೊದಲು ಪ್ರೊಪೆಲ್ಲರನ್ನು ಕೈಯಿಂದ ನಿಧಾನವಾಗಿ ತಿರುಗಿಸಿ ನೋಡುತ್ತಾರೆ. ಅನುಭವಿಯಾದವನು ಹಾಗೆ ತಿರುಗಿಸುವಾಗಲೇ ಪ್ರತಿಯೊಂದು ಸಿಲಿಂಡರಿನ ಒತ್ತಡವನ್ನು ಅಂಗೈಯಲ್ಲಿ ಅರಿಯುತ್ತಾನೆ. ಪೆಟ್ರೋಲಿನ ತೊಟ್ಟಿ ಮೇಲಿನ ರೆಕ್ಕೆಯ ಮಧ್ಯದಲ್ಲಿದ್ದು, ಇಂಧನವು ತನ್ನ ಭಾರದಿಂದಲೇ ಕೆಳಗಿಳಿಯುತ್ತದೆ. ಹಾರುವ ಮುನ್ನ ಸ್ವಲ್ಪ ಪೆಟ್ರೋಲನ್ನು ಗಾಜಿನ ಪಾತ್ರೆಗೆ ಬಸಿದು ನೋಡಬೇಕು. ನೀರು ಪೆಟ್ರೋಲಿಗಿಂತ ಭಾರವಾದುದರಿಂದ, ಬೆರೆತಿದ್ದರೆ ತಳದಲ್ಲಿ ಗುಳ್ಳೆಯಂತೆ ಬೇರೆಯಾಗಿ ಕಾಣುತ್ತದೆ. ಆ ಒಂದು ಚಮಚ ನೀರು ಆಕಾಶದಲ್ಲಿ ಎಂಜಿನ್ನನ್ನು ನಿಲ್ಲಿಸಬಲ್ಲದು.

ಈ ವಿಮಾನದಲ್ಲಿ ಎಂಜಿನ್ ಚಾಲನೆಗೆ ವಿದ್ಯುತ್ ಮೋಟಾರು ಇರುವುದಿಲ್ಲ. ಒಬ್ಬರು ಒಳಗೆ ಕುಳಿತಿರಬೇಕು. ಇನ್ನೊಬ್ಬರು ಮುಂದೆ ನಿಂತು ಪ್ರೊಪೆಲ್ಲರನ್ನು ಕೈಯಿಂದ ಬೀಸಿ ತಿರುಗಿಸಬೇಕು. ಮೊದಲು ಚಕ್ರಗಳಿಗೆ ಅಡ್ಡಗಟ್ಟೆ ಇಡುತ್ತಾರೆ. ಸ್ವಿಚ್ ಆರಿದೆಯೇ ಎಂದು ಹೊರಗಿನವರು ಕೂಗಿ ಕೇಳುತ್ತಾರೆ. ಆರಿದೆ ಎಂದು ಒಳಗಿನವರು ಕೂಗಿ ಹೇಳುತ್ತಾರೆ. ಎಲ್ಲ ಸಿದ್ಧವಾದ ಮೇಲೆ ‘ಕಾಂಟ್ಯಾಕ್ಟ್’ ಎಂಬ ಕೂಗು ಕೇಳಿಬರುತ್ತದೆ. ಈ ಪ್ರಶ್ನೋತ್ತರವು ಬರಿಯ ಸಂಪ್ರದಾಯವಲ್ಲ. ಎಂಜಿನ್ನಿಗೆ ಕಿಡಿ ಒದಗಿಸುವ ಮ್ಯಾಗ್ನೆಟೋಗೆ ಬ್ಯಾಟರಿಯ ಅಗತ್ಯವಿಲ್ಲ. ತಿರುಗಿದರೆ ಸಾಕು, ಅದು ಕಿಡಿ ಹುಟ್ಟಿಸುತ್ತದೆ. ಸ್ವಿಚ್ಚಿನ ಒಂದು ತಂತಿ ಒಳಗೆ ತುಂಡಾಗಿದ್ದರೆ, ಸ್ವಿಚ್ ಆರಿಸಿದ್ದರೂ ಪ್ರೊಪೆಲ್ಲರ್ ಹಠಾತ್ತನೆ ತಿರುಗಿ ಎದುರು ನಿಂತವರ ಪ್ರಾಣ ತೆಗೆಯಬಲ್ಲದು. ಆದುದರಿಂದ ನಿಂತ ಪ್ರೊಪೆಲ್ಲರನ್ನೂ ತಿರುಗುತ್ತಿರುವ ಪ್ರೊಪೆಲ್ಲರಿನಂತೆಯೇ ಕಾಣಬೇಕೆಂಬುದು ಈ ವಿದ್ಯೆಯ ಮೊದಲ ಪಾಠ.

ತನ್ನ ವಿಮಾನದ ಒಳಹೊರಗನ್ನು ತಾನೇ ಅರಿತವರಿಗೆ ಅದು ಎಂಥ ಆಸರೆಯಾಗಬಲ್ಲದೆಂಬುದಕ್ಕೆ ಏಮಿ ಜಾನ್ಸನ್ ಅವರ ಯಾತ್ರೆಯು ಒಳ್ಳೆಯ ನಿದರ್ಶನ. ಆಕೆ ಹಾರಾಟವನ್ನು ಕಲಿತುದಲ್ಲದೆ, ವಿಮಾನ ದುರಸ್ತಿಯ ಎಂಜಿನಿಯರ್ ಪರವಾನಗಿಯನ್ನೂ ಪಡೆದಿದ್ದರು. 1930ರ ಮೇ ತಿಂಗಳಲ್ಲಿ ಇತರರು ಬಳಸಿದ್ದ ಒಂದು ಜಿಪ್ಸಿ ಮಾಥ್‌ನಲ್ಲಿ ಒಬ್ಬರೇ ಇಂಗ್ಲೆಂಡಿನಿಂದ ಹೊರಟು, ಕರಾಚಿ, ಝಾನ್ಸಿ, ಅಲಹಾಬಾದ್, ಕಲ್ಕತ್ತೆಗಳನ್ನು ಹಾದು ಆಸ್ಟ್ರೇಲಿಯದ ಡಾರ್ವಿನ್ ನಗರವನ್ನು ಸೇರಿದರು. ದಾರಿಯಲ್ಲಿ ಬರ್ಮಾದ ರಂಗೂನಿನ ಬಳಿ ಮಳೆಯಲ್ಲಿ ಆಟದ ಮೈದಾನವೊಂದರಲ್ಲಿ ಇಳಿಯುವಾಗ ವಿಮಾನವು ಹಳ್ಳಕ್ಕೆ ನುಗ್ಗಿ ರೆಕ್ಕೆ ಹರಿಯಿತು, ಪ್ರೊಪೆಲ್ಲರ್ ಮುರಿಯಿತು. ಅದು ತಾಂತ್ರಿಕ ವಿದ್ಯಾಶಾಲೆಯೊಂದರ ಮೈದಾನವಾಗಿದ್ದುದು ಅದೃಷ್ಟ. ಮಹಾಯುದ್ಧದ ನಂತರ ಉಳಿದಿದ್ದ ವಿಮಾನದ ಬಟ್ಟೆಯಿಂದ ಅಲ್ಲಿ ಅಂಗಿಗಳನ್ನು ಹೊಲಿಸಿದ್ದರು. ಆ ಅಂಗಿಗಳನ್ನು ಬಿಚ್ಚಿ ರೆಕ್ಕೆಗೆ ತೇಪೆ ಹಾಕಲಾಯಿತು. ರೆಕ್ಕೆಯ ಬಟ್ಟೆ ಅಂಗಿಯಾಗಿ, ಅಂಗಿಯು ಮರಳಿ ರೆಕ್ಕೆಯಾಯಿತು.

ನಮ್ಮ ದೇಶದ ಚರಿತ್ರೆಯಲ್ಲಿಯೂ ಇಂಥ ಒಂದು ಪ್ರಸಂಗವಿದೆ. ಅದೇ 1930ರಲ್ಲಿ, ಇಂಗ್ಲೆಂಡ್ ಮತ್ತು ಭಾರತಗಳ ನಡುವೆ ಒಬ್ಬನೇ ಹಾರುವ ಮೊದಲ ಭಾರತೀಯನಿಗೆ ಆಗಾಖಾನರು ಬಹುಮಾನವನ್ನು ಘೋಷಿಸಿದ್ದರು. ಜೆ. ಆರ್. ಡಿ. ಟಾಟಾ ಅವರು ಕರಾಚಿಯಿಂದ ಹೊರಟರು. ಹದಿನೇಳು ವರ್ಷದ ಆಸ್ಪಿ ಎಂಜಿನಿಯರ್ ಇಂಗ್ಲೆಂಡಿನಿಂದ ಹೊರಟಿದ್ದರು. ಇಬ್ಬರದೂ ಜಿಪ್ಸಿ ಮಾಥ್. ಈಜಿಪ್ಟಿನ ಅಬುಕೀರ್‌ನಲ್ಲಿ ಇಬ್ಬರೂ ಭೇಟಿಯಾದಾಗ, ಆಸ್ಪಿಯವರು ಸ್ಪಾರ್ಕ್ ಪ್ಲಗ್ ಇಲ್ಲದೆ ಹಾರಲಾರದೆ ನಿಂತಿದ್ದರು. ಜೆ. ಆರ್. ಡಿ. ತಮ್ಮಲ್ಲಿದ್ದ ಹೆಚ್ಚಿನ ಪ್ಲಗ್ಗುಗಳನ್ನು ಪ್ರತಿಸ್ಪರ್ಧಿಗೆ ಕೊಟ್ಟರು. ಕೆಲವೇ ಗಂಟೆಗಳ ಅಂತರದಲ್ಲಿ ಆಸ್ಪಿ ಗೆದ್ದರು. ಸೋತವರು 1932ರಲ್ಲಿ ಕರಾಚಿಯಿಂದ ಮುಂಬಯಿಗೆ ಅಂಚೆಯನ್ನು ಹೊತ್ತು ಹಾರಿ ಭಾರತದ ವಿಮಾನ ಸಾರಿಗೆಗೆ ಬುನಾದಿ ಹಾಕಿದರು; ಗೆದ್ದವರು ಮುಂದೆ ಭಾರತೀಯ ವಾಯುಸೇನೆಯ ಮುಖ್ಯಸ್ಥರಾದರು. ಆ ಅಂಚೆ ಯಾನಕ್ಕೆ ಐವತ್ತು ವರ್ಷ ತುಂಬಿದ 1982ರ ಅಕ್ಟೋಬರ್ 15ರಂದು, ಎಪ್ಪತ್ತೆಂಟರ ಮುಪ್ಪಿನಲ್ಲಿ, ಜೆ. ಆರ್. ಡಿ. ಅವರು ಲೆಪರ್ಡ್ ಮಾಥ್ ಎಂಬ ಹಳೆಯ ವಿಮಾನದಲ್ಲಿ ಅದೇ ಹಾದಿಯನ್ನು ಮತ್ತೆ ಕ್ರಮಿಸಿದರು. ಹಾರಿದವರಷ್ಟೇ, ಆ ವಿಮಾನವನ್ನು ಅಷ್ಟು ಕಾಲ ಹಾರುವ ಸ್ಥಿತಿಯಲ್ಲಿಟ್ಟ ಕೈಗಳೂ ಅಂದಿನ ಗೌರವಕ್ಕೆ ಅರ್ಹವಾಗಿದ್ದವು.

ಆದರೆ ಶ್ರದ್ಧೆಯೊಂದಿದ್ದರೆ ಸಾಕೆಂದು ಹೇಳುವಂತಿಲ್ಲ. 2013ರ ಡಿಸೆಂಬರಿನಲ್ಲಿ ಆಸ್ಟ್ರೇಲಿಯದ ಕ್ವೀನ್ಸ್‌ಲ್ಯಾಂಡ್ ಕರಾವಳಿಯಲ್ಲಿ ಟೈಗರ್ ಮಾಥ್ ಒಂದು ಕಸರತ್ತಿನ ಹಾರಾಟ ನಡೆಸುತ್ತಿದ್ದಾಗ ಅದರ ಎಡ ರೆಕ್ಕೆಗಳು ಕುಸಿದವು. ಚಾಲಕರೂ ಪ್ರಯಾಣಿಕರೂ ಅಸುನೀಗಿದರು. ಆ ದೇಶದ ಸಾರಿಗೆ ಸುರಕ್ಷತಾ ಸಂಸ್ಥೆಯು ದೀರ್ಘವಾದ ತನಿಖೆ ನಡೆಸಿತು. ಕೆಳಗಿನ ಎರಡು ರೆಕ್ಕೆಗಳನ್ನು ವಿಮಾನದ ಒಡಲಿಗೆ ಬಂಧಿಸುವ ಉಕ್ಕಿನ ಸಲಾಕೆಗಳೆರಡೂ ತುಂಡಾಗಿದ್ದವು. ತಿರುಪಿನ ಎಳೆ ಕೊರೆದ ಭಾಗದಲ್ಲಿ ಅವು ಮೊದಲೇ ಬಿರುಕುಬಿಟ್ಟಿದ್ದವು. ತಂತಿಯನ್ನು ಹಲವು ಬಾರಿ ಬಗ್ಗಿಸಿದರೆ ಅದು ಮುರಿಯುವುದನ್ನು ನೀವು ನೋಡಿದ್ದೀರಿ. ಪದೇ ಪದೇ ಒತ್ತಡ ಬಿದ್ದಾಗ ಲೋಹವು ದಣಿಯುತ್ತದೆ. ಕೂದಲೆಳೆಯಷ್ಟು ಬಿರುಕು ಹುಟ್ಟಿ, ಪ್ರತಿ ಹಾರಾಟದಲ್ಲಿಯೂ ಅಷ್ಟಷ್ಟೇ ಬೆಳೆಯುತ್ತದೆ. ಅಂಥ ಸಲಾಕೆಗಳಿಗೆ 2000 ಗಂಟೆಗಳ ಹಾರಾಟ ಅಥವಾ 18 ವರ್ಷಗಳ ಆಯುಸ್ಸು ನಿಗದಿಯಾಗಿತ್ತು. ಅವು ಆ ಅವಧಿಗೆ ಬಹಳ ಮುಂಚೆಯೇ ಮುರಿದಿದ್ದವು. ಅವು ಎಂಬತ್ತು ವರ್ಷದ ಹಿಂದಿನ ಸಲಾಕೆಗಳಲ್ಲ. ಹಳೆಯವನ್ನು ತೆಗೆದು ಹಾಕಿದ್ದ ಹೊಸ ಸಲಾಕೆಗಳು!

ಈ ದುರಂತವು ಕಲಿಸುವ ಪಾಠ ಕಹಿಯಾದುದು. ಹಳೆಯದೆಲ್ಲ ಅಪಾಯಕರ, ಹೊಸದೆಲ್ಲ ಸುರಕ್ಷಿತ ಎಂಬ ಎಣಿಕೆ ಇಲ್ಲಿ ನಿಲ್ಲುವುದಿಲ್ಲ. ಮೂಲ ವಿಮಾನವನ್ನು ತಯಾರಿಸಿದ ಕಾರ್ಖಾನೆ ಮುಚ್ಚಿದ ಮೇಲೆ ಬಿಡಿಭಾಗಗಳನ್ನು ಬೇರೆಯವರು ತಯಾರಿಸಬೇಕಾಗುತ್ತದೆ. ಅದನ್ನು ಯಾರು, ಯಾವ ಲೋಹದಿಂದ, ಯಾವ ಅಳತೆಯಲ್ಲಿ ಮಾಡಿದರು, ಯಾರು ಪರೀಕ್ಷಿಸಿದರು ಎಂಬುದೆಲ್ಲ ಮಾಲೀಕನಿಗೆ ತಿಳಿದಿರಬೇಕು. ಅದಕ್ಕಾಗಿಯೇ ಪ್ರತಿ ವಿಮಾನದೊಂದಿಗೂ ದಾಖಲೆ ಪುಸ್ತಕವಿರುತ್ತದೆ. ಎಷ್ಟು ಗಂಟೆ ಹಾರಿತು, ಯಾವ ಭಾಗ ಎಂದು ಬದಲಾಯಿತು, ಯಾವ ದೋಷ ಕಂಡಿತು, ಅದನ್ನು ಸರಿಪಡಿಸಿದವರು ಯಾರು—ಇವೆಲ್ಲ ಅದರಲ್ಲಿ ಬರೆದಿರುತ್ತವೆ. ಕೆಲಸ ಮಾಡಿದ ಎಂಜಿನಿಯರು ಅದರ ಕೆಳಗೆ ರುಜು ಹಾಕುತ್ತಾರೆ. ನೋಡದೆಯೇ ಹಾಕಿದ ಒಂದು ರುಜು, ಕೊಳೆತ ತೊಲೆಯಷ್ಟೇ ಅಪಾಯಕರ. ವರ್ಷಗಳ ಬಳಿಕ, ಆ ರುಜುವನ್ನು ನಂಬಿ, ಹೆಸರೂ ಅರಿಯದ ಯಾರೋ ಒಬ್ಬರು ಆ ವಿಮಾನದಲ್ಲಿ ಕುಳಿತು ಮೇಲೇರುತ್ತಾರೆ.

ಇಷ್ಟು ಅಪಾಯ, ಇಷ್ಟು ಖರ್ಚು ಏಕೆ? ಅಂಥ ವಿಮಾನಗಳನ್ನು ವಸ್ತುಸಂಗ್ರಹಾಲಯದಲ್ಲಿ ನಿಲ್ಲಿಸಿದರೆ ಸಾಲದೇ? ಹೀಗೆ ಕೇಳುವವರ ಮಾತಿನಲ್ಲಿ ಸತ್ಯವಿದೆ. ಏಮಿ ಜಾನ್ಸನ್ ಅವರ ವಿಮಾನವು ಲಂಡನ್ನಿನ ವಿಜ್ಞಾನ ಸಂಗ್ರಹಾಲಯದಲ್ಲಿದೆ. ಅದು ಮತ್ತೆ ಹಾರಬೇಕಾಗಿಲ್ಲ. ಹಾರುವ ವಿಮಾನದ ಭಾಗಗಳು ಒಂದೊಂದಾಗಿ ಬದಲಾಗುತ್ತ ಹೋಗಿ, ಮೂಲದ್ದು ಎಷ್ಟು ಉಳಿಯಿತು ಎಂಬ ಪ್ರಶ್ನೆಯೂ ಏಳುತ್ತದೆ. ಆದರೆ ಇನ್ನೊಂದು ಮಾತೂ ಇದೆ. ನಿಂತ ವಿಮಾನವು ಮರವನ್ನೂ ಬಟ್ಟೆಯನ್ನೂ ಉಳಿಸಬಲ್ಲದು. ಅದನ್ನು ಹೊಲಿಯುವ, ಅಂಟಿಸುವ, ಶ್ರುತಿಗೊಳಿಸುವ ವಿದ್ಯೆಯನ್ನು ಉಳಿಸಲಾರದು. ವಿದ್ಯೆಯು ಕೈಯಿಂದ ಕೈಗೆ ಸಾಗಬೇಕಾದರೆ ಕೆಲಸ ನಡೆಯುತ್ತಿರಬೇಕು. ಓಲ್ಡ್ ವಾರ್ಡನ್‌ನಲ್ಲಿ ಈ ಎರಡು ವಾದಗಳ ನಡುವೆ ವಿವೇಕದ ದಾರಿಯನ್ನು ಕಂಡುಕೊಂಡಿದ್ದಾರೆ. ಅಲ್ಲಿ 1909ರಲ್ಲಿ ತಯಾರಾದ ಬ್ಲೇರಿಯೋ ವಿಮಾನವೊಂದಿದೆ. ಅದನ್ನು ಎತ್ತರಕ್ಕೆ ಹಾರಿಸುವುದಿಲ್ಲ. ಗಾಳಿಯಿಲ್ಲದ ಶಾಂತವಾದ ವೇಳೆಯಲ್ಲಿ, ಹುಲ್ಲಿನ ಮೇಲೆ ನೇರವಾಗಿ, ಒಂದು ಸಣ್ಣ ನೆಗೆತದಷ್ಟು ಮಾತ್ರ. ಮುದುಕರನ್ನು ಅಂಗಳದಲ್ಲಿ ಕೈಹಿಡಿದು ನಡೆಸುವಂತೆ ಅದನ್ನು ನಡೆಸುತ್ತಾರೆ.

ಕರ್ನಾಟಕಕ್ಕೂ ಈ ಕಥೆಗೂ ನಂಟಿದೆ. ಸ್ವಾತಂತ್ರ್ಯಾನಂತರವೂ ನಮ್ಮ ವಾಯುಸೇನೆಯ ತರುಣರು ಟೈಗರ್ ಮಾಥ್‌ನಲ್ಲಿಯೇ ಹಾರಾಟವನ್ನು ಕಲಿಯುತ್ತಿದ್ದರು. ಅದರ ಸ್ಥಾನವನ್ನು ತುಂಬಲೆಂದು ಬೆಂಗಳೂರಿನ ಹಿಂದೂಸ್ತಾನ್ ಕಾರ್ಖಾನೆಯಲ್ಲಿ ಡಾ. ವಿ. ಎಂ. ಘಾಟಗೆ ಅವರ ನೇತೃತ್ವದಲ್ಲಿ ಎಚ್‌.ಟಿ.-2 ಎಂಬ ತರಬೇತಿ ವಿಮಾನವು ರೂಪುಗೊಂಡು, 1951ರ ಆಗಸ್ಟಿನಲ್ಲಿ ಮೊದಲ ಬಾರಿಗೆ ಹಾರಿತು. ಅದರ ಮೈ ಲೋಹದ್ದು. 1958ರಲ್ಲಿ ಅದೇ ಕಾರ್ಖಾನೆಯಿಂದ ಹೊರಬಂದು, ದೇಶದ ಫ್ಲೈಯಿಂಗ್ ಕ್ಲಬ್ಬುಗಳಲ್ಲಿ ಮನೆಮಾತಾದ ಪುಷ್ಪಕ್ ವಿಮಾನಕ್ಕಾದರೋ ಬಟ್ಟೆಯದೇ ಹೊದಿಕೆ. ಟೈಗರ್ ಮಾಥ್ ಮಾತ್ರ ಮರೆಯಾಗಲಿಲ್ಲ. ನಮ್ಮ ವಾಯುಸೇನೆಯ ಅಂಥ ಒಂದು ಹಳೆಯ ವಿಮಾನವನ್ನು ಬ್ರಿಟನ್ನಿಗೆ ಕಳುಹಿಸಿ ಪುನರುಜ್ಜೀವಿಸಲಾಯಿತು. 2012ರ ವಾಯುಸೇನಾ ದಿನದಂದು ಹಿಂಡನ್ ನೆಲೆಯ ಮೇಲೆ ಅದು ಮತ್ತೆ ಹಾರಿತು. ಜೆಟ್ ವಿಮಾನಗಳ ಗುಡುಗಿನ ನಡುವೆ ಅದರ ಮೆಲುದನಿಯೂ ಕೇಳಿಬಂದಿತು.

ರಿಚರ್ಡ್ ಶಟಲ್‌ವರ್ತ್ ಅವರು 1940ರ ಆಗಸ್ಟಿನಲ್ಲಿ, ಯುದ್ಧಕಾಲದ ತರಬೇತಿಯ ಹಾರಾಟವೊಂದರಲ್ಲಿ, ಮೂವತ್ತೊಂದನೆಯ ವಯಸ್ಸಿಗೆ ಮಡಿದರು. ಅವರ ತಾಯಿಗೆ ಅವರೊಬ್ಬರೇ ಮಗ. ಮಗನನ್ನು ಕೊಂಡೊಯ್ದುದು ವಿಮಾನ. ಆ ತಾಯಿ, ಮಗ ಕೂಡಿಟ್ಟ ವಿಮಾನಗಳನ್ನು ಮಾರಿಬಿಡಬಹುದಾಗಿತ್ತು. ಯಾರೂ ಆಕೆಯನ್ನು ಆಕ್ಷೇಪಿಸುತ್ತಿರಲಿಲ್ಲ. ಆಕೆ ಹಾಗೆ ಮಾಡಲಿಲ್ಲ. 1944ರಲ್ಲಿ ಮಗನ ನೆನಪಿಗಾಗಿ ಒಂದು ದತ್ತಿಯನ್ನು ಸ್ಥಾಪಿಸಿ, ಅವುಗಳ ಪೋಷಣೆಗೆ ಏರ್ಪಾಡು ಮಾಡಿದರು. ಅಂದಿನಿಂದ ಎಷ್ಟೋ ಮಂದಿ ಕೆಲಸಗಾರರು ಆ 1928ರ ಮಾಥ್‌ಗೆ ಬಟ್ಟೆ ಹೊಲಿದಿದ್ದಾರೆ, ಎಣ್ಣೆ ಹಾಕಿದ್ದಾರೆ, ತಂತಿ ಬಿಗಿದಿದ್ದಾರೆ, ದಾಖಲೆ ಪುಸ್ತಕದಲ್ಲಿ ರುಜು ಹಾಕಿದ್ದಾರೆ. ಅವರಲ್ಲಿ ಹೆಚ್ಚಿನವರ ಹೆಸರು ಲೋಕಕ್ಕೆ ತಿಳಿಯದು. ಬಟ್ಟೆಯೊಳಗಿನ ಕಾಣದ ಹೊಲಿಗೆಯನ್ನೂ ಅವರು ಕಾಣುವ ಹೊಲಿಗೆಯಷ್ಟೇ ನೇರವಾಗಿ ಹಾಕಿದರು. ಅದರಿಂದಲೇ ಆ ಪತಂಗದ ರೆಕ್ಕೆ ಇಂದಿಗೂ ಬಿಗಿಯಾಗಿದೆ.